ಪ್ಲೈವುಡ್ ಬಾಸಿಂಗ

ನಮ್ಮ ಮನೆಯಲ್ಲಿ ಏನೇ ಸೀದರೂ ಮೊದಲ ಗುಮಾನಿ ನನ್ನ ಮೇಲೆ. ಅನ್ನ ತಳ ಹಿಡಿದಿರಲಿ, ಆಚೆ ಮನೆಯವರು ಒಣ ತೆಂಗಿನ ಗರಿಗೆ ಕಡ್ಡಿ ಗೀರಿರಲಿ, ನನ್ನ ಹೆಂಡತಿ ಗಿರಿಜಾ ಇದ್ದಲ್ಲಿಂದಲೇ ಕೂಗುತ್ತಾಳೆ: "ರೀ, ಮತ್ತ ಚಾಲೂ ಮಾಡಿದ್ರೇನು?"

ಮೊನ್ನೆ ಭಾನುವಾರವೂ ಹಾಗೇ ಆಯಿತು. ನಾನು ಪಾಪ, ಚಾಪೆಯ ಮೇಲೆ ಅಡ್ಡಾಗಿ ತಿರುಗುವ ಫ್ಯಾನು ನೋಡುತ್ತಿದ್ದೆ.

"ನಾ ಏನೂ ಮಾಡಿಲ್ಲ. ಇಲ್ಲೇ ಮಲಗೇನಿ," ಎಂದೆ.

"ಮತ್ತ ಈ ಸುಟ್ಟ ವಾಸನಿ ಎಲ್ಲಿಂದ ಬಂತು?"

"ನಿನ್ನ ಒಗ್ಗರಣಿ ನೋಡು."

ಒಳಗೆ ಒಲೆಯಿಂದ ಬೋಗುಣಿ ಇಳಿಸಿದ ಸಪ್ಪಳ ಕೇಳಿತು. ಆಮೇಲೆ ತೀರ್ಪು ಹೊರಬಿತ್ತು: "ನಿಮ್ಮ ಆ ಮಿಷನ್ ಬಂದಾಗಿಂದ ನನ್ನ ಮೂಗ ಕೆಟ್ಟು ಹೋಗೇತಿ. ಅದಕ್ಕಽ ಒಗ್ಗರಣಿ ಹತ್ತಿದ್ದು ತಿಳೀಲಿಲ್ಲ." ಹೀಗೆ ಒಗ್ಗರಣೆ ಸೀದದ್ದೂ ನನ್ನ ತಲೆಗೇ ಬಂತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇಂಥ ತೀರ್ಪುಗಳ ಮೇಲೆ ಅಪೀಲು ಹೋಗುವ ಹುಂಬತನ ನನಗಿಲ್ಲ.

ಮಿಷನ್ ಎಂದರೆ ಏನೆಂದು ನಿಮಗೆ ಹೇಳಬೇಕು. ಲೇಸರ್ ಎಂದ ಕೂಡಲೇ ಆಕಾಶದಿಂದ ವಿಮಾನ ಉದುರಿಸುವ ಆಯುಧ ಎಂದು ಹೆದರಬೇಡಿ. ಇದು ನನ್ನಂಥ ಹವ್ಯಾಸಿಗಳ ಆಟಿಕೆ. ನಾಲ್ಕು ಕಾಲಿನ ಒಂದು ಚೌಕಟ್ಟು, ಅದರ ಮೇಲೆ ಹಳಿ, ಹಳಿಯ ಮೇಲೆ ಅತ್ತಿತ್ತ ಓಡಾಡುವ ಒಂದು ಪುಟ್ಟ ಡಬ್ಬಿ. ಡಬ್ಬಿಯ ಹೊಟ್ಟೆಯಿಂದ ನೀಲಿ ಬೆಳಕಿನ ಚುಕ್ಕೆ ಕೆಳಗೆ ಬೀಳುತ್ತದೆ. ಕೆಳಗೆ ತೆಳು ಪ್ಲೈವುಡ್ ಇಟ್ಟು, ಮೊಬೈಲಿನಲ್ಲಿ ನೀವು ಬರೆದ ಚಿತ್ರವನ್ನು ಅದಕ್ಕೆ ಕಳಿಸಿದರೆ, ಚುಕ್ಕೆ ಅದೇ ಗೆರೆಯಲ್ಲಿ ಕಟ್ಟಿಗೆಯನ್ನು ಸುಡುತ್ತಾ ಹೋಗುತ್ತದೆ. ಒಂದು ಸಲಕ್ಕೆ ಕತ್ತರಿಸುವ ತಾಕತ್ತು ಅದಕ್ಕಿಲ್ಲ. ಹಟಮಾರಿ ಅತ್ತೆ ಹೇಳಿದ್ದನ್ನೇ ಹೇಳುವಂತೆ ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಓಡಾಡುತ್ತದೆ, ಕೊನೆಗೆ ಪ್ಲೈವುಡ್ಡು ಬೇಸತ್ತು ತುಂಡಾಗುತ್ತದೆ.

ಈ ಚಟ ನನಗೆ ಹೊಸದಲ್ಲ. ಧಾರವಾಡದ ಆಚೆ ನಮ್ಮೂರಿನಲ್ಲಿ ಅಜ್ಜನಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಸೋಡಾಬುಡ್ಡಿ ಕನ್ನಡಕ ಕೊಟ್ಟಿದ್ದರು. ಅಜ್ಜ ಮಧ್ಯಾಹ್ನ ಉಂಡು ಕಟ್ಟೆಯ ಮೇಲೆ ಮಲಗಿದರೆ ಕನ್ನಡಕ ನನ್ನ ಕೈಗೆ. ಬಿಸಿಲನ್ನು ಅದರಲ್ಲಿ ಹಿಡಿದು ಒಂದು ಚುಕ್ಕೆ ಮಾಡಿ ಹೊರಸಿನ ಕಾಲಿನ ಮೇಲೆ ಹೆಸರು ಬರೆಯಲು ಕೂರುತ್ತಿದ್ದೆ. ಒಂದಕ್ಷರ ಮುಗಿಯುವಷ್ಟರಲ್ಲಿ ಸೂರ್ಯ ಸರಿದುಬಿಡುತ್ತಿದ್ದ. ಒಂದು ದಿನ ಸೂರ್ಯನ ಹಿಂದೆ ಸರಿಯುತ್ತಾ ಸರಿಯುತ್ತಾ ಚುಕ್ಕೆ ಅಜ್ಜನ ಧೋತರದ ಚುಂಗಿನ ಮೇಲೆ ಹೋಯಿತು. ಎಚ್ಚರವಾದ ಅಜ್ಜ ಹೊಗೆಯನ್ನು ನೋಡಿ, ನನ್ನನ್ನು ನೋಡಿ, ಬೈಯುವ ಮುನ್ನ ಬರಿಗಣ್ಣಿನಲ್ಲಿ ಸುತ್ತಲೂ ಕನ್ನಡಕ ಹುಡುಕಿದರು. ಅದು ನನ್ನ ಕೈಯಲ್ಲಿದ್ದುದರಿಂದ ಓಡಲು ನನಗೆ ಸಾಕಷ್ಟು ವೇಳೆ ಸಿಕ್ಕಿತು.

ಈಗ ನಾವಿರುವುದು ಗೋವಾದ ಮಡಗಾಂವಿನಲ್ಲಿ. ನಾನು ವೆರ್ಣಾದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಖಾತೆಯವನು. ಗಿರಿಜಾ ಕೋಲ್ವಾ ಬೀಚಿನಲ್ಲಿ ಕವಡೆ ಸರ, ಗೆಜ್ಜೆ, ಬಣ್ಣದ ಮಣಿ ಮಾರುತ್ತಾಳೆ. ಮಿಷನ್ ತರಿಸುವಾಗ ನಾನು ಅವಳಿಗೆ ಕೊಟ್ಟ ಕಾರಣ ಬಹಳ ಗಟ್ಟಿಯಾಗಿತ್ತು: ಮೀನು, ಆಮೆ, ದೋಣಿ ಕತ್ತರಿಸಿ ಕೊಡುತ್ತೇನೆ, ಕೀಲಿ ಗೊಂಚಲು ಮಾಡಿ ಮಾರು. ಮೊದಲ ಮೀನು ಬಾಲವೇ ಸುಟ್ಟು ಹೋಗಿ ತವೆಯಿಂದ ಎದ್ದು ಬಂದಂತೆ ಕಂಡಿತು. ಅವತ್ತು ಎದ್ದ ಹೊಗೆ ನೋಡಿ ಕೆಳಗಿನಿಂದ ಮನೆಯೊಡತಿ ಬಕೇಟು ನೀರು ಹಿಡಿದು ಮೆಟ್ಟಿಲು ಹತ್ತಿ ಬಂದರು. "ಕಿತೆಂ ಲಾಸ್ತಾ ರೇ?" ಎಂದು ಕೊಂಕಣಿಯಲ್ಲಿ ಕೇಳಿದರು. ಏನು ಸುಡುತ್ತಿದೆ ಎಂದರೆ ಏನು ಹೇಳಲಿ? "ಮೀನು," ಎಂದೆ. ನಾವು ಮೀನು ತಿನ್ನುವವರಲ್ಲ ಎಂದು ಗೊತ್ತಿದ್ದ ಆ ತಾಯಿ ಅಂದಿನಿಂದ ನನ್ನನ್ನು ನೋಡುವ ರೀತಿಯೇ ಬೇರೆ. ಮಿಷನ್ ಚಾಲೂ ಇರುವಷ್ಟು ಹೊತ್ತೂ ಪಕ್ಕದಲ್ಲಿ ಬಕೇಟು ಇಟ್ಟುಕೊಂಡು ಕಾಯಬೇಕೆಂಬ ಕಾಯಿದೆ ಹೊರಟಿದ್ದೂ ಅವತ್ತೇ.

ಇರಲಿ, ನಾನು ಹೇಳಹೊರಟಿದ್ದು ನನ್ನ ಅಕ್ಕನ ಮಗಳು ರೇಣುಕಾಳ ಮದುವೆಯ ಸುದ್ದಿ.

ಶಾಂತಕ್ಕನ ಮನೆ ನಮ್ಮ ಹಿಂದಿನ ಓಣಿಯಲ್ಲೇ. ಭಾವ ಲಾರಿಯ ಮೇಲೆ ಹೆಚ್ಚು, ಮನೆಯಲ್ಲಿ ಕಡಿಮೆ. ಹಾಗಾಗಿ ರೇಣು ಅರ್ಧ ಬೆಳೆದದ್ದು ನಮ್ಮ ಮನೆಯಲ್ಲಿ. ಅವಳು ನಗುವ ಹುಡುಗಿ. ನಗುವುದೆಂದರೆ ಮುಗುಳುನಗೆಯಲ್ಲ. ಅವಳ ನಗೆಗೆ ಬಾಯಿಯ ಜೊತೆ ಮೂಗೂ ಸೇರುತ್ತದೆ, ಆಮೇಲೆ ಭುಜ, ಆಮೇಲೆ ಪಕ್ಕದಲ್ಲಿ ಕೂತವರು. ಶಾಲೆಯಲ್ಲಿ ನಕ್ಕಳೆಂದು ಹೊರಗೆ ನಿಲ್ಲಿಸಿದರೆ, ಹೊರಗೆ ನಿಂತು ನಗುತ್ತಿದ್ದಳು; ಒಳಗೆ ಪಾಠ ಮಾಡುತ್ತಿದ್ದ ಟೀಚರಿಗೂ ನಗು ತಡೆಯದೆ ಮತ್ತೆ ಒಳಗೆ ಕರೆಯುತ್ತಿದ್ದರಂತೆ.

ಅವಳಿಗೆ ಗೊತ್ತಾದ ವರನ ಹೆಸರು ಮಲ್ಲಿಕಾರ್ಜುನ. ವಿಜಾಪುರದ ಕಡೆಯವರು, ಈಗ ವಾಸ್ಕೋದಲ್ಲಿ ವಾಸ. ಹುಡುಗ ಮುರ್ಮುಗಾಂವ್ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಒಳ್ಳೆಯ ಮನೆತನ, ಒಳ್ಳೆಯ ಗುಣ, ಅಡಿಕೆಯ ಚೂರನ್ನೂ ಬಾಯಿಗೆ ಹಾಕುವವನಲ್ಲ. ಎಲ್ಲರೂ ಒಪ್ಪಿದರು, ರೇಣುವೂ ಹೂಂ ಎಂದಳು. ಒಂದು ಭಾನುವಾರ ನಾನು ಬಕೇಟಿನ ಪಕ್ಕ ಕೂತು ಆಮೆ ಕತ್ತರಿಸುತ್ತಿದ್ದಾಗ ಬಂದು ಎದುರು ಕುಕ್ಕರಿಸಿದಳು. ಮುಖದಲ್ಲಿ ನಗುವಿರಲಿಲ್ಲ. ನಾನು ಗಾಬರಿಯಾಗಿ ಮಿಷನ್ ನಿಲ್ಲಿಸಿದೆ.

"ಮಾಮಾ, ಆ ಮನಷ್ಯಾ ನಗೂದಿಲ್ರಿ."

"ಯಾರು?"

"ಅವರಽ. ನೋಡಾಕ ಬಂದಾಗ ಅಪ್ಪಾ ಅಷ್ಟು ಚ್ಯಾಷ್ಟಿ ಮಾಡಿದ್ರು, ಎಲ್ಲಾರೂ ಬಿದ್ದು ಬಿದ್ದು ನಕ್ರು. ಅವರು ಅವಲಕ್ಕಿ ತಿಂದ್ರು. ವಿಡಿಯೋ ಕಾಲ್ ಮಾಡಿದ್ರ ಆಧಾರ್ ಕಾರ್ಡಿಗೆ ಫೋಟೋ ತಗಸಾಕ ಕುಂತಂಗ ಕುಂದರತಾರ. ಚಲೋ ಮನಷ್ಯಾ ಅದಾರ ಖರೇ. ಆದ್ರ ಜೀವನಪೂರ್ತಿ ನಾ ಒಬ್ಬಾಕೀನಽ ನಗಬೇಕೇನ್ರಿ?"

ಮದುವೆಯಲ್ಲಿ ಜಾತಕ ನೋಡುತ್ತಾರೆ, ಮನೆ ನೋಡುತ್ತಾರೆ. ವರ ನಗುತ್ತಾನೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಪದ್ಧತಿ ನಮ್ಮಲ್ಲಿ ಇಲ್ಲ. ಆದರೆ ಆ ಹುಡುಗಿಯ ದುಃಖ ನನಗೆ ನಾಟಿತು. ಎರಡೇ ಕೋಣೆಯ ಬಾಡಿಗೆ ಮನೆಯಲ್ಲಿ, ಶಿಫ್ಟು ಮುಗಿಸಿ ಬಂದ ಗಂಡನ ಎದುರು ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿತು. ನಮ್ಮ ರೇಣು ನಗುವುದನ್ನು ಬಿಟ್ಟರೆ ಅವಳಲ್ಲಿ ಉಳಿಯುವುದೇನು?

"ನೀವ ಒಮ್ಮೆ ಹೋಗಿ ನಗಿಸಿ ನೋಡ್ರಿ ಮಾಮಾ," ಎಂದಳು.

ಹೋಗಲು ನೆಪ ಇತ್ತು. ನಮ್ಮಲ್ಲಿ ಮದುವೆಗೆ ಬಾಸಿಂಗ ತರುವುದು ಸೋದರಮಾವನ ಹಕ್ಕು. ಬೆಂಡಿನ ಮೇಲೆ ಬೇಗಡೆ, ಕನ್ನಡಿ ಚೂರು ಅಂಟಿಸಿ, ಮೇಲೆ ಕಳಸ, ಎರಡು ಕಡೆ ಗಿಳಿ ಮಾಡಿ, ಮದುಮಕ್ಕಳ ಹಣೆಗೆ ಕಟ್ಟುತ್ತಾರಲ್ಲ, ಅದು. ಹುಬ್ಬಳ್ಳಿ ಪೇಟೆಯಲ್ಲಿ ಬೇಕಾದಂಥದು ಸಿಗುತ್ತದೆ. ಆದರೆ ಮನೆಯಲ್ಲಿ ಲೇಸರ್ ಇಟ್ಟುಕೊಂಡ ಸೋದರಮಾವ ಹುಬ್ಬಳ್ಳಿ ಬಸ್ಸು ಹತ್ತುವುದೇ? ಪ್ಲೈವುಡ್ಡಿನಲ್ಲಿ ನಾನೇ ಮಾಡುತ್ತೇನೆ ಎಂದು ಶಾಂತಕ್ಕನಿಗೆ ಮಾತು ಕೊಟ್ಟುಬಿಟ್ಟಿದ್ದೆ. ಅಕ್ಕ ಹಣೆ ಚಚ್ಚಿಕೊಂಡು, "ಬೀಗರ ಮುಂದ ಮಾನ ತಗೀಬ್ಯಾಡೋ ತಮ್ಮಾ," ಎಂದಿದ್ದಳು. ಅಳತೆಯ ನೆಪ ಹಿಡಿದು ವಾಸ್ಕೋಗೆ ಹೋದೆ.

ಮಲ್ಲಿಕಾರ್ಜುನ ಆಗಷ್ಟೇ ಕೆಲಸದಿಂದ ಬಂದಿದ್ದ. ನನ್ನನ್ನು ಕಂಡು ನಮಸ್ಕಾರ ಮಾಡಿ, ನೀರು ಕೊಟ್ಟು, ಕುರ್ಚಿ ಫ್ಯಾನಿನ ಕೆಳಗೆ ಎಳೆದು ಹಾಕಿದ. ತಲೆಯ ಅಳತೆ ಬೇಕೆಂದೆ.

"ಹೆಲ್ಮೆಟ್ ಹಾಕ್ಕೊಂಡು ಕೊಡಲ್ರೇನು, ತಗದು ಕೊಡಲ್ರಿ?" ಎಂದು ಕೇಳಿದ.

ನಾನು ಜೋರಾಗಿ ನಕ್ಕೆ. ಅವನು ಉತ್ತರಕ್ಕೆ ಕಾಯುತ್ತ ನಿಂತಿದ್ದ. ಚ್ಯಾಷ್ಟಿಯಲ್ಲ, ನಿಜವಾಗಿಯೇ ಕೇಳಿದ್ದ.

ಅಳತೆ ತೆಗೆಯುತ್ತಾ ನನ್ನಲ್ಲಿದ್ದ ಅತಿ ಒಳ್ಳೆಯ ಕತೆ ಹೊರಗೆ ತೆಗೆದೆ. ನಮ್ಮೂರಿನ ಒಬ್ಬ ದೂರದ ಸಂತೆಯಲ್ಲಿ ಎತ್ತು ಮಾರಿ, ಹೋಟೆಲಿನಲ್ಲಿ ಕೂತು ಮಿರ್ಚಿ ಭಜಿ ತಿಂದು, ಹೊತ್ತು ಮಾಡಿ ಮನೆಗೆ ಬಂದರೆ, ಮಾರಿದ ಎತ್ತು ಅವನಿಗಿಂತ ಮೊದಲೇ ಬಂದು ಗೋದಲಿಯಲ್ಲಿ ಮೇಯುತ್ತಿತ್ತಂತೆ. ತಲೆಯೆತ್ತಿ ಇವನನ್ನು ನೋಡಿ, ಇಷ್ಟೊತ್ತು ಎಲ್ಲಿ ಹೋಗಿದ್ದಿ ಎನ್ನುವಂತೆ ಕೂಗಿತಂತೆ. ಈ ಕತೆಗೆ ಕಂಪನಿ ಬಸ್ಸಿನಲ್ಲಿ ಡ್ರೈವರ್ ಬ್ರೇಕು ಹಾಕಿ ನಕ್ಕಿದ್ದಾನೆ.

ಮಲ್ಲಿಕಾರ್ಜುನ ಹುಬ್ಬು ಗಂಟಿಕ್ಕಿ ಯೋಚಿಸಿದ. "ಕೊಂಡವರು ಪಾಪ, ಎತ್ತು ಹುಡುಕಿರಬೇಕಲ್ರಿ. ವಾಪಸ್ ಮುಟ್ಟಿಸಿದ್ರೇನ್ರಿ?"

"ಮುಟ್ಟಿಸಿರಬೇಕಪ್ಪ."

"ಮುಟ್ಟಿಸಿದ್ರ ಚಲೋ ಆತ್ರಿ," ಎಂದು ನೆಮ್ಮದಿಯ ಉಸಿರು ಬಿಟ್ಟ.

ಹುಡುಗ ಅಪ್ಪಟ ಬಂಗಾರ, ಅದರಲ್ಲಿ ಸಂಶಯವಿಲ್ಲ. ಆದರೆ ನಗೆಯ ಲೆಕ್ಕದಲ್ಲಿ ನಾನು ಸೋತು ಬಂದೆ. ಮನೆಯ ಬಾಗಿಲಲ್ಲೇ ಕಾದಿದ್ದ ರೇಣು, "ನಕ್ರೇನ್ರಿ?" ಎಂದಳು. "ಇಲ್ಲವ್ವ," ಎಂದೆ. ಅವಳು ನನ್ನ ಕೈಯಿಂದ ಅಳತೆಯ ದಾರ ತೆಗೆದುಕೊಂಡು ಬೆರಳಿಗೆ ಸುತ್ತುತ್ತ ಕೂತಳು.

ನಗಿಸುವುದಂತೂ ಆಗಲಿಲ್ಲ, ಬಾಸಿಂಗವನ್ನಾದರೂ ಮೂರು ಊರು ಮಾತಾಡುವಂತೆ ಮಾಡೋಣ ಎಂದು ಹಟ ಹಿಡಿದು ಕೂತೆ. ಮೊದಲ ಬಾಸಿಂಗ ಕತ್ತರಿಸಿ ಎತ್ತಿ ಹಿಡಿದಾಗ ಮೆಟ್ಟಿಲು ಹತ್ತಿ ಬಂದ ಮನೆಯೊಡತಿ ಮೊದಲ ಸಲ ನನ್ನ ಕೆಲಸ ಮೆಚ್ಚಿದರು: "ಇಗರ್ಜ್ ಬರಿ ಜಾಲ್ಯಾ!" ಚರ್ಚು ಚೆನ್ನಾಗಿ ಬಂದಿದೆ ಎಂದರ್ಥ. ಕಳಸವನ್ನು ಗಿಡ್ಡ ಮಾಡಿ ಎರಡನೆಯದು ಕತ್ತರಿಸಿದೆ. ಪ್ಲೈವುಡ್ಡಿನ ಪದರಗಳ ನಡುವೆ ಎಲ್ಲೋ ಅಂಟು ಗಡ್ಡೆಗಟ್ಟಿತ್ತು, ಅಲ್ಲಿ ಬೆಳಕು ಇಳಿಯಲಿಲ್ಲ, ನಾನು ಕೈಯಿಂದ ಎಳೆದೆ, ಗಿಳಿಯ ಕೊಕ್ಕು ಹೋಯಿತು. "ಗುಬ್ಬಿ ಭಾಳ ಚಂದ ಆಗೇತ್ರಿ," ಎಂದಳು ಗಿರಿಜಾ.

ಆಮೇಲೆ ಬಂದದ್ದು ದೊಡ್ಡ ತೊಡಕು. ಹಣೆ ಗುಂಡಗೆ, ಪ್ಲೈವುಡ್ಡು ಸಪಾಟು. ಕಟ್ಟಿದರೆ ಅಂಗಡಿಯ ಬೋರ್ಡಿನಂತೆ ನಿಲ್ಲುತ್ತದೆ. ಇದಕ್ಕೊಂದು ಉಪಾಯ ಮೊಬೈಲಿನಲ್ಲಿ ಸಿಕ್ಕಿತು. ಹಣೆಗೆ ತಾಗುವ ಪಟ್ಟಿಯ ಉದ್ದಕ್ಕೂ ಒತ್ತೊತ್ತಾಗಿ ಸಣ್ಣ ಸೀಳುಗಳನ್ನು, ಗೋಡೆಯ ಇಟ್ಟಿಗೆಗಳಂತೆ ಒಂದು ಸಾಲು ಬಿಟ್ಟು ಒಂದು ಸಾಲು ತಪ್ಪಿಸಿ ಕತ್ತರಿಸಬೇಕು. ಆಗ ಕಟ್ಟಿಗೆ ಬಟ್ಟೆಯಂತೆ ಬಾಗುತ್ತದೆ! ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಂಜೆಯವರೆಗೆ ಅದನ್ನು ಬಾಗಿಸುತ್ತಾ ಬಿಡುತ್ತಾ ಕೂತೆ, ಬಂದವರಿಗೆಲ್ಲ ತೋರಿಸಿದೆ, ಹಾಲಿನವನನ್ನೂ ಬಿಡಲಿಲ್ಲ.

ಮದುಮಕ್ಕಳಿಬ್ಬರಿಗೂ ಹಾಗೇ ಒಂದೊಂದು ಕತ್ತರಿಸಿ, ಹೊರಮೈಗೆ ಮರಳುಕಾಗದ ಉಜ್ಜಿ, ಬಂಗಾರದ ಬಣ್ಣ ಬಳಿದು, ಬೇಗಡೆ ಅಂಟಿಸಿದೆ. ಲೇಸರ್ ಕತ್ತರಿಸಿದ ಕಡೆಯೆಲ್ಲ ಕಟ್ಟಿಗೆ ಕರಕಾಗಿರುತ್ತದೆ; ಕಾಣುವ ಅಂಚುಗಳನ್ನೆಲ್ಲ ಚೊಕ್ಕ ಮಾಡಿದೆ. ಸೀಳುಗಳ ಒಳಗಿನ ಮಸಿಗೆ ನನ್ನ ಬೆರಳೂ ಹೋಗದು, ಬೇರೆಯವರ ಕಣ್ಣೂ ಹೋಗದು ಎಂದು ಬಿಟ್ಟುಬಿಟ್ಟೆ. ಇನ್ನು ಯಾರ ಹಣೆಗಾದರೂ ಕಟ್ಟಿ ನೋಡಬೇಕು. ಅಲ್ಲಿ ಬಂತು ನೋಡಿ ಫಜೀತಿ. ಮದುಮಕ್ಕಳು ಮುಹೂರ್ತಕ್ಕಿಂತ ಮೊದಲು ಬಾಸಿಂಗ ಕಟ್ಟಿಕೊಳ್ಳಬಾರದು. ಮದುವೆಯಾದವರು ಇನ್ನೊಮ್ಮೆ ಕಟ್ಟಿಕೊಳ್ಳಬಾರದು. ಮದುವೆಯಾಗದವರು ಸುಮ್ಮಸುಮ್ಮನೆ ಕಟ್ಟಿಕೊಂಡರೆ ಅವರವ್ವ ಬಂದು ಜಗಳ ತೆಗೆಯುತ್ತಾಳೆ.

"ಒಂದೇ ಸಲ, ಹಣಿಗೆ ಹಿಡದು ನೋಡಿ ತಗದುಬಿಡ್ತೇನಿ," ಎಂದು ಗಿರಿಜಾಳನ್ನು ಪುಸಲಾಯಿಸಿದೆ.

"ಒಮ್ಮೆ ಕಟಿಗೊಂಡದ್ದಽ ಸಾಕಾಗೇತ್ರಿ ನನಗ," ಎಂದು ಅವಳು ಒಂದು ಸ್ಟೀಲಿನ ಕೊಡ ತಂದು ನನ್ನ ಮುಂದೆ ಬೋರಲು ಹಾಕಿದಳು.

ಕೊಡಕ್ಕೆ ಬಾಸಿಂಗ ಕಟ್ಟಿದೆ. ಹೇಳಿ ಮಾಡಿಸಿದಂತೆ ಕೂತಿತು. ಬಿಚ್ಚಿ ನೋಡಿದರೆ ಕೊಡದ ಮೇಲೆ ಒಂದು ಗೀರು, ಒಂದು ಕಲೆ ಇಲ್ಲ. ಹೆಮ್ಮೆಯಿಂದ ಬೀಗಿದೆ. ಕೊಡ ಬೆವರುವುದಿಲ್ಲ ಎಂಬ ಸಂಗತಿ ನನಗೂ ಹೊಳೆಯಲಿಲ್ಲ, ಗಿರಿಜಾಳಿಗೂ ಹೊಳೆಯಲಿಲ್ಲ.

ಮದುವೆ ಮೇ ತಿಂಗಳಲ್ಲಿ, ಮಡಗಾಂವಿನ ಒಂದು ಕಲ್ಯಾಣಮಂಟಪದ ಹಾಲಿನಲ್ಲಿ. ಗೋವಾದ ಮೇ ತಿಂಗಳೆಂದರೆ ಸ್ನಾನ ಮಾಡಿ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಸ್ನಾನವಾಗಿರುತ್ತದೆ. ನಾನೇ ಬಾಸಿಂಗ ಕಟ್ಟಿದೆ. ರುಮಾಲಿನ ಕೆಳಗೆ ಮಲ್ಲಿಕಾರ್ಜುನನಿಗೊಂದು, ಬೈತಲೆಯ ಕೆಳಗೆ ರೇಣುವಿಗೊಂದು. ಬೀಗರು ಹತ್ತಿರ ಬಂದು ಮುಟ್ಟಿ ನೋಡಿ, "ಕಟಗೀದೇನ್ರಿ? ಬಾಗತೇತಲ್ರಿ!" ಎಂದು ಬೆರಗಾದರು. ಶಾಂತಕ್ಕ ಮೊದಲ ಸಲ ನನ್ನ ಕಡೆ ಪ್ರೀತಿಯಿಂದ ನೋಡಿದಳು. ರೇಣು ಮಾತ್ರ ತಲೆ ತಗ್ಗಿಸಿ ನಿಂತಿದ್ದಳು. ಬೆಳಗಿನಿಂದ ಒಂದು ಸಲವೂ ನಕ್ಕಿರಲಿಲ್ಲ.

ಇಬ್ಬರ ನಡುವೆ ಅಂತರಪಟ ಹಿಡಿದರು. ಅಯ್ಯನವರು ಮಂಗಳಾಷ್ಟಕ ಶುರು ಮಾಡಿದರು. ಪದ್ಧತಿಯಂತೆ ನಾನು ಸೊಸೆಯ ಹಿಂದೆ ನಿಂತಿದ್ದೆ. ಎರಡನೆಯ ಶ್ಲೋಕದ ಹೊತ್ತಿಗೆ ಅವಳ ಕಿವಿಯ ಪಕ್ಕದಲ್ಲಿ ಒಂದು ಕಪ್ಪು ಗೆರೆ ಇಳಿಯುವುದು ಕಂಡಿತು. ಕಾಡಿಗೆ ಇರಬೇಕು ಎಂದುಕೊಂಡೆ. ಕಾಡಿಗೆ ಹಣೆಯಿಂದ ಇಳಿಯುತ್ತದೆಯೇ? ಕತ್ತು ಉದ್ದ ಮಾಡಿ ಅಂತರಪಟದ ಆಚೆ ನೋಡಿದೆ. ಮಲ್ಲಿಕಾರ್ಜುನನ ಹಣೆಯಿಂದ ಇಳಿದ ಮಸಿ ಅವನ ನೀಳ ಮೂಗಿನ ಗುಂಟ ನೇರ ಹಾದು, ತುದಿಯಲ್ಲಿ ಒಂದು ಹನಿಯಾಗಿ ತೂಗುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳದೆ, ಕ್ರೇನಿನಲ್ಲಿ ಕೂತವನಂತೆ ನೆಟ್ಟಗೆ ನೋಡುತ್ತ ನಿಂತಿದ್ದ.

ಮೆಲ್ಲಗೆ ಕೈ ಚಾಚಿ ರೇಣುವಿನ ಬಾಸಿಂಗ ಸರಿಪಡಿಸಿದಂತೆ ಮಾಡಿ ಮಸಿ ಒರೆಸಲು ಹೋದೆ. ಒರೆಸಿದ್ದು ಹೋಗಿ ಹರಡಿತು. ನನ್ನ ಅಂಗೈಯೆಲ್ಲ ಕಪ್ಪಾಯಿತು. ಆಚೆ ಶಾಂತಕ್ಕ ಹಲ್ಲು ಕಚ್ಚಿ ನನ್ನನ್ನೇ ನೋಡುತ್ತಿದ್ದಳು. ಬೀಗರ ಹೆಂಗಸರಲ್ಲಿ ಪಿಸುಪಿಸು ಎದ್ದಿತು. ಶುಭ ಮುಹೂರ್ತದಲ್ಲಿ ಮದುಮಕ್ಕಳ ಮುಖಕ್ಕೆ ಮಸಿ ಬಳಿದ ಸೋದರಮಾವ ಎಂಬ ಬಿರುದು ಹೊತ್ತು ಇನ್ನು ಯಾವ ಊರಿಗೆ ಹೋಗಲಿ ಎಂದು ಲೆಕ್ಕ ಹಾಕುತ್ತಿದ್ದಾಗಲೇ "ಸಾವಧಾನ" ಎಂಬ ಕೂಗು ಎದ್ದು ಅಂತರಪಟ ಸರಿಯಿತು.

ರೇಣು ತಲೆ ಎತ್ತಿದಳು.

ಅವಳ ಭುಜ ಅಲುಗಿದ್ದು ನನಗೆ ಹಿಂದಿನಿಂದ ಕಂಡಿತು. ಬೇಡ ಮಗಳೇ, ಬೇಡ ಎಂದು ಮನಸ್ಸಿನಲ್ಲೇ ಕೈಮುಗಿದೆ. ಅವಳು ತಡೆದಳು, ತುಂಬ ತಡೆದಳು. ಅಷ್ಟರಲ್ಲಿ ಅವನ ಮೂಗಿನ ತುದಿಯ ಹನಿ ಟಪ್ಪೆಂದು ಬಿಳಿ ಅಂಗಿಯ ಮೇಲೆ ಬಿತ್ತು. ಅವನು ಗಂಭೀರವಾಗಿ ತಲೆ ತಗ್ಗಿಸಿ ಆ ಹನಿಯನ್ನು ನೋಡಿದ. ರೇಣುವಿನ ಬಾಯಿ, ಮೂಗು ಎರಡೂ ಒಟ್ಟಿಗೇ ತೆರೆದುಕೊಂಡವು. ಆ ನಗೆ ಹಾಲಿನ ಕೊನೆಯ ಕುರ್ಚಿಯವರೆಗೆ ಕೇಳಿಸಿತು. ವಾಲಗದವರು ಊದುವುದನ್ನು ನಿಲ್ಲಿಸಿಬಿಟ್ಟರು. ಅಕ್ಷತೆ ಹಿಡಿದ ಕೈಗಳು ಹಿಡಿದಲ್ಲೇ ನಿಂತವು. ವರನ ಮುಖ ನೋಡಿ ನಗುವ ಮದುಮಗಳನ್ನು ಯಾರೂ ಕಂಡಿರಲಿಲ್ಲ.

ಮಲ್ಲಿಕಾರ್ಜುನ ಅವಳನ್ನು ಬಹಳ ಹೊತ್ತು ಪರಿಶೀಲಿಸಿದ. ಆಮೇಲೆ ಅಷ್ಟೇ ಗಂಭೀರವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ: "ನಿಮಗೂ ಹತ್ತೇತ್ರಿ."

"ಹೌದ್ರೇನು? ಎಲ್ಲೆ?"

"ಎಲ್ಲಾ ಕಡೆ ಹತ್ತೇತ್ರಿ."

ಹಾಗೆ ಹೇಳುತ್ತಿದ್ದಂತೆಯೇ ಅವನ ಕೆಳತುಟಿ ನಡುಗಿತು. ಗಂಟಲಿನಲ್ಲಿ ಎಷ್ಟೋ ದಿನ ಹೊಡೆಯದ ಬೋರ್‌ವೆಲ್ಲು ಗೊರಗೊರ ಎಂದಂತಾಯಿತು. ಒಂದು ಬಿಕ್ಕಳಿಕೆ, ಇನ್ನೊಂದು ಬಿಕ್ಕಳಿಕೆ, ಆಮೇಲೆ ನಗು ಬಂತು ನೋಡಿ, ಕೈಯಲ್ಲಿದ್ದ ಮಾಲೆ ಅಲುಗಿ ಹೂ ಉದುರುವಂಥ ನಗು! ರೇಣುವಿಗೆ ನಗು ನಿಂತು ಬೆರಗು ಹಿಡಿಯಿತು. ಅವನ ಮುಖವನ್ನೇ ನೋಡಿದಳು, ಮತ್ತೆ ಅವನ ಜೊತೆ ನಕ್ಕಳು. ಯಾರೋ ಇದೇ ಮುಹೂರ್ತವೆಂದು ಅಕ್ಷತೆ ಎಸೆದರು, ಎಲ್ಲರೂ ಎಸೆದರು. ವರನ ಅವ್ವ ಪಕ್ಕದವರ ಕೈ ಹಿಡಿದು, "ನನ್ನ ಮಗಾ ನಗಾಕತ್ತಾನ ನೋಡ್ರಿ, ನೋಡ್ರಿ," ಎಂದು ಮಗ ಮೊದಲ ಹೆಜ್ಜೆಯಿಟ್ಟವನಂತೆ ಎಲ್ಲರಿಗೂ ತೋರಿಸುತ್ತಿದ್ದಳು. ಕಪ್ಪು ಹತ್ತಿದ್ದು ಒಳ್ಳೆಯದೇ ಆಯಿತು, ದೃಷ್ಟಿ ತಾಗುವುದಿಲ್ಲ ಎಂದು ಅವಳೇ ಮೊದಲು ಹೇಳಿದ್ದು.

ಮಧ್ಯಾಹ್ನ ಮದುಮಗಳನ್ನು ಕಳಿಸುವ ಹೊತ್ತು. ಹೆಂಗಸರೆಲ್ಲ ಅಳಲು ಸಜ್ಜಾಗಿ ನಿಂತಿದ್ದರು. ಕಾರಿನಲ್ಲಿ ಕೂತ ಇಬ್ಬರೂ ತೊಳೆದರೂ ಹೋಗದ ಮಸಿಯ ಹಣೆಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ಮತ್ತೆ ಶುರು ಮಾಡಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಎರಡು ನಗೆ ಕೇಳಿಸುತ್ತಿದ್ದವು.

ಶಾಂತಕ್ಕ ಹಾಲಿನ ಮೆಟ್ಟಿಲ ಮೇಲೆ ಕೂತಳು. ಬೈಗುಳ ಇನ್ನೂ ಬಾಕಿ ಇದೆ ಎಂದು ನಾನು ಸ್ವಲ್ಪ ದೂರವೇ ಕೂತೆ.

"ಎಲ್ಲಾರ ಹೆಣ್ಣಮಕ್ಕಳು ಅಳಕೋತ ಹೋಗ್ತಾವು," ಎಂದಳು ಅಕ್ಕ. "ನನ್ನ ಮಗಳು ನಕ್ಕೋತ ಹೋದಳೋ ತಮ್ಮಾ." ಅಷ್ಟು ಹೇಳಿ, ಬೆಳಗಿನಿಂದ ತಡೆದಿಟ್ಟದ್ದನ್ನೆಲ್ಲ ಒಮ್ಮೆಗೇ ಅತ್ತುಬಿಟ್ಟಳು.

ನನಗೂ ತಡೆಯಲಾಗಲಿಲ್ಲ. ನನ್ನ ಕೂಸು ಇನ್ನು ಒಬ್ಬಳೇ ನಗಬೇಕಾಗಿಲ್ಲ ಎಂಬ ಸಂತೋಷಕ್ಕೆ ಗಂಡಸೆಂಬುದನ್ನು ಮರೆತು ಅತ್ತೆ. ಬಾಸಿಂಗಗಳನ್ನು ಎತ್ತಿಟ್ಟು ಬಂದಿದ್ದ ಎರಡೂ ಅಂಗೈಯಿಂದ ಕಣ್ಣು, ಕೆನ್ನೆ ಚೆನ್ನಾಗಿ ಒರೆಸಿಕೊಂಡು ಅಕ್ಕನ ಕಡೆ ತಿರುಗಿದೆ. ಅವಳು ನನ್ನ ಮುಖ ನೋಡಿದಳು, ನನ್ನ ಅಂಗೈ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು. ಮಗಳಿಗೆ ಆ ಮೂಗಿನ ನಗೆ ಎಲ್ಲಿಂದ ಬಂದಿತ್ತೆಂದು ನನಗೆ ಅವತ್ತು ಗೊತ್ತಾಯಿತು.